ಸಿಲೋನಿನ ಎರಡು ರೂಪಾಯಿ

ನನ್ನ ನೋಟುಗಳ ಆಲ್ಬಮ್ ತೆರೆದರೆ ನಾಲ್ಕನೇ ಪುಟದಲ್ಲಿ ಈಗಲೂ ಹೊಗೆಸೊಪ್ಪಿನ ವಾಸನೆ.

ನಾನು ಚಿಕ್ಕವಳಿದ್ದಾಗ ಅಪ್ಪ ಹಾನುಬಾಳಿನ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಅಲ್ಲಿ ನನ್ನ ವಯಸ್ಸಿನವರು ಯಾರೂ ಇರಲಿಲ್ಲ. ಹಡಗಿನ ಕೆಲಸದಲ್ಲಿದ್ದ ಮಾವ ಕಳಿಸಿದ ಮಾರಿಷಸ್, ಮಾಲ್ಡೀವ್ಸ್ ದ್ವೀಪಗಳ ಹಳೇ ನೋಟುಗಳನ್ನು ಜಗಲಿಯಲ್ಲಿ ಹರಡಿಕೊಂಡು ಒಬ್ಬಳೇ ಕೂರುತ್ತಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಕೂಲಿ ಲೈನಿನ ಕೊನೆಯ ಮನೆಯಲ್ಲಿ ಒಂಟಿಯಾಗಿದ್ದ ಮುತ್ತಮ್ಮಜ್ಜಿ ಬಂದು ನೋಡಿದಳು. ಸಿಲೋನಿನ ಟೀ ತೋಟದಲ್ಲಿ ಹುಟ್ಟಿ, ಅಲ್ಲಿನ ಸರ್ಕಾರ ಇಂಡಿಯಾದವರೆಂದು ಹಡಗು ಹತ್ತಿಸಿ ಕಳಿಸಿದ ಮೇಲೆ ಇಲ್ಲಿ ಕಾಫಿ ಹಣ್ಣು ಕುಯ್ಯಲು ಬಂದವಳು. ಎಲೆಅಡಿಕೆ ಚೀಲದ ತಳದಿಂದ ಮಡಿಸಿಟ್ಟ ಸಿಲೋನಿನ ಎರಡು ರೂಪಾಯಿ ನೋಟೊಂದನ್ನು ತೆಗೆದಳು. ಅದು ಹಳೇ ಸೀರೆಯಷ್ಟು ಮೆತ್ತಗಾಗಿತ್ತು.

“ನಂಗೆ ಕೊಡಜ್ಜಿ,” ಎಂದೆ.

ಅಜ್ಜಿ ತುಸು ಹೊತ್ತು ಅದನ್ನು ಹೆಬ್ಬೆರಳಿನಿಂದ ತೀಡಿದಳು.

“ಇಟ್ಕೋ ಕಣವ್ವಾ. ಎಂದಾದ್ರೂ ವಾಪಸ್ ಹೋದ್ರೆ, ಹಡಗಿಳಿದು ನಮ್ಮ ಲೈನಿಗೆ ಹೋಗಕ್ಕೆ ಬಸ್ ಚಾರ್ಜಿಗಿರ್ಲಿ ಅಂತ ಇಟ್ಕಂಡಿದ್ದೆ. ನಿನ್ನ ಪುಸ್ತಕದಾಗಾದ್ರೆ ಜೊತೆಗೆ ಬೇರೆವೂ ಅವೆ.”

ನಾನು ಖುಷಿಯಿಂದ ಅದನ್ನು ಪ್ಲಾಸ್ಟಿಕ್ ಕವರಿಗೆ ತೂರಿಸಿದೆ. ಅಜ್ಜಿ ಚೀಲದ ದಾರ ಬಿಗಿದು ಮೆಟ್ಟಿಲಿಳಿದಳು. ಅಂಗಳ ದಾಟುವ ಮುಂಚೆ ತಿರುಗಿ ನಿಂತಳು.

“ಈಗ ಅಲ್ಲಿ ಚಾರ್ಜು ಎಷ್ಟಾಗಿರ್ಬೋದವ್ವಾ?”