ಕೋಟಿನ ಬೆನ್ನಿಗೆ ಬಿಳಿ ಪುಡಿ

ಗಂಡನ ಕೋಟಿನ ಬೆನ್ನ ಮೇಲೆ ಮತ್ತೆ ಬಿಳಿ ಪುಡಿ. ಹೆಂಡತಿ ಬೆರಳಿನಿಂದ ಒರೆಸಿ ಮೂಸಿ ನೋಡಿದಳು.

"ಚಾಕ್ ಪುಡಿ ಕಣೆ," ಎಂದ ಗಂಡ. ಅವನು ದರ್ಜಿ.

"ಬೆನ್ನಲ್ಲಿ ಗೆರೆ ಎಳೀತೀರಾ?"

ದರ್ಜಿ ಕೋಟನ್ನು ಬಾಲ್ಕನಿಯ ಮೊಳೆಗೆ ನೇತುಹಾಕಿದ. ಹೊರಗಿನ ಬಟ್ಟೆ ಮನೆಯೊಳಗೆ ಬರಕೂಡದು ಎಂಬುದು ಅವಳ ತಾಯಿಯ ಕಾಯ್ದೆ. ತಾಯಿ ತೀರಿಕೊಂಡರೂ ಕಾಯ್ದೆ ತೀರಿರಲಿಲ್ಲ.

ಪ್ರತಿ ಭಾನುವಾರ ಸಂಜೆ ಅವನಿಗೆ ಅರ್ಜೆಂಟ್ ಆರ್ಡರ್. ಪ್ರತಿ ಭಾನುವಾರ ಬೆನ್ನಿಗೆ ಪುಡಿ. ಗಂಡಸಿನ ಬೆನ್ನಿಗೆ ಪೌಡರ್ ಹತ್ತಬೇಕಾದರೆ ಪೌಡರ್ ಮೆತ್ತಿದ ಒಂದು ಕೈ ಅಲ್ಲಿಗೆ ಹೋಗಿರಲೇಬೇಕು. ಇಷ್ಟು ಲೆಕ್ಕ ಯಾವ ಹೆಂಡತಿಗೂ ಬರುತ್ತದೆ. ಸಂಸಾರ ಉಳಿಯುತ್ತದೋ ಇಲ್ಲವೋ ಎಂದು ಅವಳು ನಿದ್ದೆಗೆಟ್ಟಳು.

ಅಷ್ಟರಲ್ಲಿ ಅದೇ ಬಿಳುಪು ಮೊಳೆಯ ಪಕ್ಕದ ಕುಂಡದಲ್ಲಿದ್ದ ಹನಿಸಕಲ್ ಹೂಬಳ್ಳಿಗೂ ಹತ್ತಿತು. ಎಲೆಗಳು ಹಿಟ್ಟಿನ ಡಬ್ಬಿಯಲ್ಲಿ ಬಿದ್ದೆದ್ದ ಬೆಕ್ಕಿನಂತಾದವು. ಗಂಡನನ್ನು ಯಾರಿಗೂ ತೋರಿಸುವಂತಿರಲಿಲ್ಲ. ಎಲೆಯನ್ನಾದರೂ ತೋರಿಸೋಣವೆಂದು ನರ್ಸರಿಗೆ ಒಯ್ದಳು.

"ಬೂದಿ ರೋಗ," ಎಂದಳು ನರ್ಸರಿಯಾಕೆ. "ಒಂಥರಾ ಬೂಷ್ಟು. ಈ ಜಾತೀದು ಹನಿಸಕಲ್‌ಗೆ ಮಾತ್ರ ಬರೋದು, ಇನ್ನೊಂದು ಹನಿಸಕಲ್‌ನಿಂದಾನೇ ಬರೋದು. ಹತ್ತಿರದಲ್ಲಿ ಇನ್ನೊಂದು ಬಳ್ಳಿ ಇದೆಯಾ ಅಮ್ಮ?"

ಹತ್ತಿರದಲ್ಲಿರಲಿಲ್ಲ. ಊರಿನ ಆ ತುದಿಯಲ್ಲಿತ್ತು, ಅಕ್ಕನ ಮನೆಯಲ್ಲಿ. ತಾಯಿ ಬಿಟ್ಟುಹೋದದ್ದು ಒಂದೇ ಬಳ್ಳಿ. ಹೆಣ್ಣುಮಕ್ಕಳಿಬ್ಬರೂ ಅದನ್ನು ಬುಡಸಮೇತ ಸೀಳಿ ಹಂಚಿಕೊಂಡರು. ನಿನ್ನ ಪಾಲು ದೊಡ್ಡದು, ನಿನ್ನ ಪಾಲೇ ದೊಡ್ಡದು ಎಂದು ಜಗಳವಾಡಿ ಮಾತು ಬಿಟ್ಟು ವರ್ಷಗಳಾಗಿದ್ದವು. ಬಳ್ಳಿಗಳು ಚಿಗುರಿದವು. ಅಕ್ಕತಂಗಿಯರು ಚಿಗುರಲಿಲ್ಲ.

ಅವಳು ನೇರ ಗಂಡನ ಅಂಗಡಿಗೆ ನಡೆದಳು. "ಭಾನುವಾರ ನಮ್ಮಕ್ಕನ ಮನೇಲಿ ಏನು ಹೊಲೀತೀರಿ?"

ದರ್ಜಿಯ ತುಟಿಯಿಂದ ಗುಂಡುಸೂಜಿ ಬಿತ್ತು. "ಷಡ್ಡಕನ ಜೊತೆ ಇಸ್ಪೀಟು ಕಣೆ. ಜಗಳ ಆಡಿದ್ದು ನೀವು, ನಾವೇನು ಪಾಪ ಮಾಡಿದ್ವಿ?"

"ಮತ್ತೆ ಬೆನ್ನಿನ ಪುಡಿ?"

"ನಂಗೇನು ಬೆನ್ನಲ್ಲಿ ಕಣ್ಣಿದೆಯಾ? ಹೊರಡೋವಾಗ ನಿಮ್ಮಕ್ಕ ಕೋಟು ತಂದುಕೊಡ್ತಾರೆ, ಅಷ್ಟೆ."

ಸ್ವಂತ ಅಕ್ಕ. ತಂಗಿ ಅಲ್ಲಿಂದಲೇ ಅಕ್ಕನ ಮನೆಯ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡಳು. ಇಳಿಯುವ ಹೊತ್ತಿಗೆ ಒಳ್ಳೆಯವೆಲ್ಲ ಮರೆತುಹೋಗಿದ್ದವು.

ಅಕ್ಕ ಬಾಗಿಲು ತೆರೆದಳು. ಹಿಂದೆ ಕಿಟಕಿಯ ತುಂಬ ಬಿಳಿ ಪುಡಿ ಹಿಡಿದ ಬಳ್ಳಿ. ಅಕ್ಕನ ಗಂಡ ಇಸ್ಪೀಟು ಕಟ್ಟನ್ನು ದಿಂಬಿನಡಿ ತುರುಕಿ ಒಳಕ್ಕೆ ಜಾರಿದ.

"ನಾಚಿಕೆ ಆಗಲ್ವಾ ನಿಂಗೆ?" ಎಂದಳು ತಂಗಿ.

"ಆಗುತ್ತೆ," ಎಂದು ಅಕ್ಕ ಅವಳ ಕೈ ಹಿಡಿದು ಒಳಗೆಳೆದುಕೊಂಡಳು. "ಹೊರಗಿನ ಬಟ್ಟೆ ಇನ್ನೂ ಅಮ್ಮನ ಥರಾನೇ ಬಳ್ಳಿ ಪಕ್ಕ ನೇತುಹಾಕ್ತೀಯ ಅಂತ ಗೊತ್ತಿತ್ತು ಕಣೆ. ವಾರವಾರ ಆ ಕೋಟಿಗೆ ಎಲೆ ಉಜ್ಜಿ ಉಜ್ಜಿ ನನ್ನ ಕೈ ಬಿದ್ದುಹೋಯ್ತು. ಬೈಯೋಕ್ಕಾದ್ರೂ ಬರೋದಕ್ಕೆ ಇಷ್ಟು ದಿನ ಬೇಕಾಯ್ತಾ ನಿಂಗೆ?"