ಬೆರಳಲ್ಲಿ ಹತ್ತಿದ ಬೆಟ್ಟ

"ಅಜ್ಜಿ, ಮುಟ್ಟಬೇಡಿ" ಎಂಬ ಮಾತು ಲೋಹಿತಾಳ ನಾಲಿಗೆಯ ತುದಿಗೆ ಬಂದು ನಿಂತಿತು. ಮಧುಗಿರಿ ಬೆಟ್ಟದ ಬುಡದಲ್ಲಿ ಪ್ರವಾಸಿಗರಿಗಾಗಿ ಅವಳೇ ವಿನ್ಯಾಸ ಮಾಡಿದ ಮಾಹಿತಿ ಕೇಂದ್ರ ನಾಳೆ ತೆರೆಯಲಿತ್ತು. ಆರು ತಿಂಗಳು ಕೂತು ಮಾಡಿದ ಕೋಟೆಬೆಟ್ಟದ ಮಾದರಿಯ ಮೇಲೆ ಮುಚ್ಚಲು ಗಾಜಿನ ಪೆಟ್ಟಿಗೆ ಹಿಡಿದು ಇಬ್ಬರು ಕೆಲಸಗಾರರು ಕಾದಿದ್ದರು. ಅಷ್ಟರಲ್ಲಿ, ನೆಲ ಒರೆಸುತ್ತಿದ್ದ ಭೀಮಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡು, ಎರಡು ಬೆರಳನ್ನು ಮಾದರಿಯ ಕೋಟೆಯ ಮೊದಲ ಬಾಗಿಲಲ್ಲಿಟ್ಟು ಬೆಟ್ಟ ಹತ್ತತೊಡಗಿದ್ದಳು.

ಮೇಕೆ ಮೇಯಿಸುತ್ತ ಆ ಬೆಟ್ಟದಲ್ಲೇ ಬೆಳೆದವಳು. ಮಂಡಿ ಸೋತು ಹತ್ತು ವರ್ಷದಿಂದ ಬುಡದಲ್ಲೇ ಉಳಿದವಳು. ಬೆರಳುಗಳು ಮೆಟ್ಟಿಲು ಮೆಟ್ಟಿಲಾಗಿ ಏರಿ, ಅರ್ಧ ದಾರಿಯಲ್ಲಿ ಬಂಡೆಯ ನಡುವಿನ ನೀರಿನ ದೊಣೆಯ ಬಳಿ ನಿಂತೇಬಿಟ್ಟವು.

"ಯಾಕಜ್ಜಿ ನಿಂತ್ರಿ?"

"ಒಸಿ ಸುಧಾರಿಸ್ಕಂತೀನಿ ಕಣಮ್ಮ. ಇಲ್ಲಿ ನೀರ್ ಕುಡ್ದೇ ಮುಂದಕ್ಕೋಗಾದು."

ತುದಿ ಮುಟ್ಟಿದಾಗ ಅವಳ ಮುಖವೆಲ್ಲ ನಗು. "ಬಂದ್ಬುಟ್ಟೆ ಕಣಮ್ಮ!"

"ಮೇಡಂ, ಗಾಜು ಇಡೋಣ್ವಾ?" ಎಂದ ಕೆಲಸಗಾರ.

"ತಡೀರಪ್ಪ! ನಾನು ಇಳಿಯಾದ್ ಬ್ಯಾಡ್ವಾ?" ಎಂದು ಭೀಮಕ್ಕ ಗದರಿದಳು.

"ಗಾಜು ಬೇಡ, ವಾಪಸ್ ತಗೊಂಡೋಗಿ" ಎಂದಳು ಲೋಹಿತಾ. ಆಮೇಲೆ ತನ್ನೆರಡು ಬೆರಳನ್ನು ಮೊದಲ ಬಾಗಿಲಲ್ಲಿಟ್ಟಳು.

"ಅಜ್ಜಿ, ಅಲ್ಲೇ ಇರಿ. ನಾನೂ ಬಂದೆ."