ಡ್ರಿಲ್ ಮೇಷ್ಟ್ರ ಚೀಟಿ

"ಲೈಸೆನ್ಸ್ ನನ್ನದು, ಬಂದೂಕು ನನ್ನದು. ಕೊಡೋಕೆ ನಿನಗೇನು ರೋಗ?" ಡ್ರಿಲ್ ಮೇಷ್ಟ್ರು ಗುದ್ದಿದ ರಭಸಕ್ಕೆ ಕೌಂಟರಿನ ಮೇಲಿದ್ದ ಪೆನ್ನು ಉರುಳಿ ಕೆಳಗೆ ಬಿತ್ತು. ಮೂರು ವಾರದ ಹಿಂದೆ ತಾವೇ ಹೊತ್ತು ತಂದು ಈ ಬಂದೂಕಿನಂಗಡಿಯಲ್ಲಿ ಇಟ್ಟುಹೋಗಿದ್ದರು. ಈಗ ಅರ್ಧ ಗಂಟೆಯಿಂದ ಅಂಗಡಿಯವನದು ಒಂದೇ ರಾಗ: "ನಿಮ್ಮಕ್ಕ ಜೊತೇಲಿ ಬರಲಿ ಸಾರ್, ಕೊಡ್ತೀನಿ."

"ಅರವತ್ತು ದಾಟಿದವನಿಗೆ ಅಕ್ಕನ ಅಪ್ಪಣೆ ಬೇಕಾ? ಯಾವನಯ್ಯ ಈ ಕಾನೂನು ಮಾಡಿದ್ದು?"

ಅಂಗಡಿಯವನಿಗೂ ತಾಳ್ಮೆ ಕೆಟ್ಟಿತು. ಒಳಗೆ ಹೋಗಿ, ಬಂದೂಕಿಗೆ ಕಟ್ಟಿದ್ದ ಚೀಟಿಯನ್ನು ಬಿಚ್ಚಿ ತಂದು ಮೇಷ್ಟ್ರ ಮುಂದೆ ಹಿಡಿದ. "ನೀವೇ ಓದಿ. ಅಕ್ಷರ ಯಾರದು ಅಂತ ನೀವೇ ಹೇಳಿ."

"ಹೆಂಡತಿ ತೀರಿಕೊಂಡಾಗಿನಿಂದ ನನ್ನ ಮನಸ್ಸು ನನ್ನ ಮಾತು ಕೇಳ್ತಿಲ್ಲ. ಅಕ್ಕ ಇಲ್ಲದೆ ಒಬ್ಬನೇ ಬಂದರೆ ಕೊಡಬೇಡ. ಕೂಗಾಡ್ತೀನಿ, ಬೈತೀನಿ, ಜಗ್ಗಬೇಡ. ಕೂರಿಸಿಕೊಂಡು ಅಕ್ಕನಿಗೆ ಫೋನ್ ಮಾಡು." ಕೆಳಗೆ ಅವರದೇ ಸಹಿ.

ಮೇಷ್ಟ್ರು ಅದನ್ನು ಎರಡು ಸಲ ಓದಿದರು. ಬಿದ್ದಿದ್ದ ಪೆನ್ನನ್ನು ಎತ್ತಿ ಕೌಂಟರಿನ ಮೇಲಿಟ್ಟರು. ಆಮೇಲೆ ಗೋಡೆ ಪಕ್ಕದ ಸ್ಟೂಲನ್ನು ದರದರ ಎಳೆದುಕೊಂಡು ಕೂತು ಗದರಿದರು:

"ನನ್ನ ಮುಖ ಏನು ನೋಡ್ತೀಯ? ಕೂತಿದ್ದೀನಲ್ಲ, ಫೋನ್ ಮಾಡು."